ಭೀಮಪ್ಪನ ಎಲೆ

ನನ್ನನ್ನು ನೆಲದಿಂದ ಎಬ್ಬಿಸಲು ಇಬ್ಬರು ಬೇಕು. ಒಬ್ಬರು ಬಲ ಕಂಕುಳಿಗೆ ಕೈ ಕೊಡಬೇಕು, ಇನ್ನೊಬ್ಬರು ಎಡಕ್ಕೆ. ಮಂಡಿ ಹೋಗಿ ಆರು ವರ್ಷವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ‘ಕಾವೇರಮ್ಮ, ನೀವ್ಯಾಕೆ ಏಳಲಿಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ಮಂಡಿಯದೊಂದೇ ಉತ್ತರವಲ್ಲ ಎನ್ನುವುದೂ ನನಗೆ ಗೊತ್ತಿದೆ.

ಸೋನಾರ್‌ಪುರದ ಹಿಂದಿನ ಗಲ್ಲಿಯ ಈ ಕನ್ನಡ ಛತ್ರಕ್ಕೆ ನಾನು ಬಂದದ್ದು ಐವತ್ತೊಂದನೆಯ ಇಸವಿಯಲ್ಲಿ, ಸಾಯುವುದಕ್ಕೆ. ಕಾಶಿಯಲ್ಲಿ ಸತ್ತರೆ ಮುಕ್ತಿ ಎಂದು ಗಂಡನ ಮನೆಯವರು ತಲೆ ಬೋಳಿಸಿ ರೈಲು ಹತ್ತಿಸಿದರು. ಇಪ್ಪತ್ತೈದು ವರ್ಷವಾಯಿತು. ಕಳಿಸಿದವರೆಲ್ಲ ಹೋದರು, ನಾನು ಇದ್ದೇನೆ.

ಐವತ್ತಾರರ ಕಾರ್ತಿಕದಲ್ಲಿ ಬಿಜಾಪುರದ ಕಡೆಯಿಂದ ಭೀಮಪ್ಪ ಎನ್ನುವವನು ತಾಯಿಯ ಅಸ್ಥಿ ತಂದ. ಚರ್ಮ ಹದ ಮಾಡುವ ಮನೆಯವನು. ಆಗ ಛತ್ರ ನೋಡಿಕೊಳ್ಳುತ್ತಿದ್ದ ಪುರೋಹಿತರು ಕೃಷ್ಣಮೂರ್ತಿಗಳು. ಘಾಟಿನಲ್ಲಿ ಹತ್ತು ಮಾರು ದೂರ ನಿಂತು ಮಂತ್ರ ಹೇಳಿಸಿದರು. ಊಟದ ಹೊತ್ತಿಗೆ ಅವನನ್ನು ಹಿತ್ತಲ ಮೆಟ್ಟಿಲಿಗೆ ಕಳಿಸಿದರು, ಎಂಜಲೆಲೆ ಎಸೆಯುವ ಜಾಗಕ್ಕೆ. ಅಡುಗೆಯ ತುಳಸಮ್ಮ, ಅವಳೂ ನಮ್ಮ ಹಾಗೆಯೇ ವಿಧವೆ, ನಮಗೆಲ್ಲ ಅನ್ನ ತುಪ್ಪ ಬಡಿಸಿ ಸಾರು ತಂದಿದ್ದಳು. ಮೆಟ್ಟಿಲ ಕಡೆ ನೋಡಿ ಪಾತ್ರೆ ಕೆಳಗಿಟ್ಟಳು.

“ಅವ್ನು ಪಂಕ್ತೀಲಿ ಕೂರೋ ತನ್ಕ ನಾನು ಬಡಿಸೋದಿಲ್ಲ” ಎಂದಳು, ಅಷ್ಟೆ.

ಪಂಕ್ತಿಯ ನಡುವೆ ಏಳುವುದು ಎಂಥ ಅಪಚಾರ ಎಂದು ಕೂತವರಿಗೆಲ್ಲ ಗೊತ್ತು. ಆದರೂ ಹನ್ನೊಂದು ಮಂದಿ ಮುದುಕಿಯರು ಒಬ್ಬೊಬ್ಬರಾಗಿ ಎಲೆ ಬಿಟ್ಟು ಎದ್ದೆವು. ಕೊನೆಗೆ ಎದ್ದವಳು ನಾನು. ತುಪ್ಪದ ವಾಸನೆ ಮೂಗಿಗೆ ಬರುತ್ತಿತ್ತು, ಹಸಿವಾಗಿತ್ತು, ಸುಳ್ಳು ಯಾಕೆ ಹೇಳಲಿ. ಎರಡು ದಿನ ಯಾರೂ ಉಣ್ಣಲಿಲ್ಲ. ಏಕಾದಶಿ, ಒಪ್ಪತ್ತು ಎಂದು ಅರ್ಧ ಆಯಸ್ಸು ಹಸಿದವರನ್ನು ಉಪವಾಸದಿಂದ ಹೆದರಿಸಲು ಕೃಷ್ಣಮೂರ್ತಿಗಳ ಕೈಯಲ್ಲಿ ಆಗಲಿಲ್ಲ. ಮೂರನೆಯ ದಿನ ಅವರೇ ಮಹಡಿ ಇಳಿದು ಬಂದರು. ಪಂಕ್ತಿಯ ಮೊದಲನೆಯ ಎಲೆ ಭೀಮಪ್ಪನಿಗೆ ಹಾಕಿಸಿದರು. ಅವತ್ತಿನಿಂದ ನಮ್ಮ ಛತ್ರದಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು ಎಂದಾಯಿತು.

ಪ್ರತಿ ವರ್ಷ ಆ ದಿನ ತುಳಸಮ್ಮ ಮೊದಲ ಎಲೆಯನ್ನು ಭೀಮಪ್ಪನ ಹೆಸರಿನಲ್ಲಿ ಹಾಕುತ್ತಿದ್ದಳು. ಗಲ್ಲಿ ಗುಡಿಸುವವಳನ್ನೋ ರಿಕ್ಷಾದವನನ್ನೋ ಕರೆದು ಅದಕ್ಕೆ ಕೂರಿಸುತ್ತಿದ್ದಳು. ಭೀಮಪ್ಪನಿಗೊಂದು ಕಾರ್ಡು ಬರೆಸುತ್ತಿದ್ದಳು, ನಿನ್ನ ಎಲೆ ಹಾಕಿದ್ದೇವೆ ಎಂದು. ಅವಳು ಸತ್ತ ವರ್ಷ ಕೃಷ್ಣಮೂರ್ತಿಗಳ ಮಗ, ಈಗ ಛತ್ರ ನೋಡಿಕೊಳ್ಳುವ ಸುಬ್ರಹ್ಮಣ್ಯ, ಗೌರವಕ್ಕೆಂದು ಆ ಎಲೆಗೆ ಒಂದು ಹಾರ ಹಾಕಿದ. ಮರುವರ್ಷ ಕುಂಕುಮ ಬಂತು. ಅದರ ಮರುವರ್ಷ ಆರತಿ. ಆರತಿಯಾದ ಎಲೆಗೆ ಯಾರು ಕೂರುತ್ತಾರೆ? ಬಡಿಸಿ, ಕೈ ಮುಗಿದು, ಕೊನೆಗೆ ಹಸುವಿಗೆ ಹಾಕುವ ಪದ್ಧತಿಯಾಯಿತು. ಹುಡುಗ ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ಭಕ್ತಿ. ಅದಕ್ಕೇ ಅವನ ಜೊತೆ ಜಗಳ ಮಾಡುವುದು ಕಷ್ಟ.

ಈ ವರ್ಷ, ಎಪ್ಪತ್ತಾರರಲ್ಲಿ, ಇಪ್ಪತ್ತು ತುಂಬಿತೆಂದು ಕಾರ್ಯಕ್ರಮ ದೊಡ್ಡದು. ನಗರದ ದೊಡ್ಡ ಅಧಿಕಾರಿಯೊಬ್ಬರನ್ನು ಕರೆದಿದ್ದರು. ಬೆಳಿಗ್ಗೆ ನಾನು ಬಾಗಿಲ ಜಗಲಿಯಲ್ಲಿ ಬಿಸಿಲು ಕಾಯುತ್ತಿದ್ದಾಗ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಬಟ್ಟೆ ಕಟ್ಟಿದ ಪುಟ್ಟ ಮಡಕೆ.

“ಕನ್ನಡ ಛತ್ರ ಇದ ಏನ್ರಿ? ನಾ ಉಷಾ. ಭೀಮಪ್ಪನ ಮಗಳು.”

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅಪ್ಪ ಹೋಗಿ ಹನ್ನೊಂದು ದಿನವಾಗಿತ್ತಂತೆ. ಕಾರ್ಡು ಬರುವುದು ನಿಂತ ಮೇಲೂ ಪ್ರತಿ ಕಾರ್ತಿಕದಲ್ಲಿ ಉಣ್ಣುವಾಗ ಅವನು ಒಂದೇ ಮಾತು ಹೇಳುತ್ತಿದ್ದನಂತೆ.

“ಕಾಶ್ಯಾಗ ನಂದೊಂದ ಎಲಿ ಹಾಕಿರ್ತಾರ. ನನಗಂತೂ ಮತ್ತ ಹೋಗಾಕ ಆಗಲಿಲ್ಲ, ನೀ ಒಮ್ಮೆ ಹೋಗಿ ಅದರಾಗ ಉಂಡ ಬಾ, ಅಂತಿದ್ದ” ಎಂದಳು. “ಅದೊಂದ ಕೇಳ್ಯಾನ ನೋಡ್ರಿ. ಬ್ಯಾರೆ ಏನೂ ಕೇಳಿಲ್ಲ.”

“ನಾನಿದೀನಿ ಕಣಮ್ಮ. ನಾನೇ ಕೂರಿಸ್ತೀನಿ ನಿನ್ನ” ಎಂದೆ.

ಎಷ್ಟು ಸುಲಭವಾಗಿ ಅಂದುಬಿಟ್ಟೆ. ಅವಳು ಅಸ್ಥಿ ಬಿಡಲು ಘಾಟಿಗೆ ಹೋದಳು. ಸುಬ್ರಹ್ಮಣ್ಯನನ್ನು ಕರೆದು ವಿಷಯ ಹೇಳಿದೆ. ಅವನ ಕಣ್ಣು ತುಂಬಿ ಬಂತು. ಭೀಮಪ್ಪನವರ ಮಗಳಾ, ನಮ್ಮ ಭಾಗ್ಯ ಎಂದ. ಆಮೇಲೆ ತಲೆ ಕೆರೆದುಕೊಂಡ.

“ಆದ್ರೆ ಅಜ್ಜಿ, ಆ ಎಲೆಗೆ ಆರತಿ ಆಗಿರತ್ತೆ. ಅದ್ರಲ್ಲಿ ಊಟ ಮಾಡೋದು ಹೇಗೆ? ಇನ್ನೂ ಸೂತಕ ಬೇರೆ. ಇವತ್ತೇ ಅಸ್ಥಿ ಬಿಟ್ಟು ಬಂದೋರು ಪಂಕ್ತೀಲಿ ಕೂತ್ರೆ ಮೆಹಮಾನ್, ಆ ಅಧಿಕಾರಿಗಳು, ಏನಂತಾರೆ?”

“ಭೀಮಪ್ಪ ಬಂದಿದ್ದೂ ಅಸ್ಥಿ ಹಿಡ್ಕೊಂಡೇ ಅಲ್ಲವೇನೋ?”

“ಆ ಜಮಾನಾನೇ ಬೇರೆ ಅಜ್ಜಿ. ನೀವು ಚಿಂತೆ ಮಾಡ್ಬೇಡಿ, ಅವರಿಗೆ ಹೊಟ್ಟೆ ತುಂಬ ಹಾಕಿಸ್ತೀನಿ.”

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಅವನ ಮುಖಕ್ಕೇ ಹೇಳಬೇಕಿತ್ತು. ಹೇಳಲಿಲ್ಲ. ತುರ್ತು ಪರಿಸ್ಥಿತಿ ಬಂದಾಗಿನಿಂದ ಊರಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ, ಪೊಲೀಸರ ಭಯ. ನನಗೆ ಪೊಲೀಸರ ಭಯವಿರಲಿಲ್ಲ. ನಾನು ಮಲಗುವ ಕೋಣೆ ಸುಬ್ರಹ್ಮಣ್ಯನದು, ಎರಡು ಹೊತ್ತಿನ ಅನ್ನ ಅವನದು, ನನ್ನನ್ನು ಎಬ್ಬಿಸುವ ನಾಲ್ಕು ಕೈಗಳೂ ಅವನ ಆಳುಗಳವು. ಭಯ ಅದರದು.

ಮಧ್ಯಾಹ್ನ ನನ್ನನ್ನು ಎತ್ತಿಕೊಂಡು ಹೋಗಿ ಎರಡನೆಯ ಎಲೆಗೆ ಕೂರಿಸಿದರು. ಹನ್ನೊಂದರಲ್ಲಿ ಉಳಿದವಳು ನಾನೊಬ್ಬಳೇ ಎಂದು ಶಾಲು ಹೊದಿಸಿದರು. ಪಕ್ಕದಲ್ಲಿ ಭೀಮಪ್ಪನ ಎಲೆ, ಹಾರ, ಕುಂಕುಮ, ಊದುಬತ್ತಿ. ಅದರ ಮುಂದೆ ಖಾಲಿ ಮಣೆ. ಅಧಿಕಾರಿ ಹಿಂದಿಯಲ್ಲಿ ಮಾತಾಡಿದರು. ಈಗ ಈ ದೇಶದಲ್ಲಿ ಯಾರನ್ನೂ ಪಂಕ್ತಿಯಿಂದ ದೂರ ಇಡುವವರಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅನ್ನ ಬಂತು, ತುಪ್ಪ ಬಂತು. ಹಿತ್ತಲ ಬಾಗಿಲು ತೆರೆದೇ ಇತ್ತು. ಅಲ್ಲಿ ಮೆಟ್ಟಿಲ ಮೇಲೆ, ಇಪ್ಪತ್ತು ವರ್ಷದ ಹಿಂದೆ ಅವಳಪ್ಪ ಕೂತಿದ್ದ ಅದೇ ಮೆಟ್ಟಿಲ ಮೇಲೆ, ಉಷಾ ಕೂತಿದ್ದಳು. ತೊಡೆಯ ಮೇಲೆ ಮುತ್ತುಗದ ಎಲೆ. ಅವಳು ನನ್ನ ಕಡೆಗೇ ನೋಡುತ್ತಿದ್ದಳು.

ಏಳಬೇಕು ಎನಿಸಿತು. ಅಷ್ಟೇ ತಾನೆ ಆವತ್ತೂ ಮಾಡಿದ್ದು? ಕೈ ಊರಿ ನೋಡಿದೆ. ಮಂಡಿ ಮಿಸುಕಲಿಲ್ಲ.

“ನನ್ನ ಎಬ್ಬಿಸ್ರಪ್ಪ” ಎಂದೆ.

ಇಬ್ಬರು ಆಳುಗಳು ಮುಂದೆ ಬಂದರು. ಸುಬ್ರಹ್ಮಣ್ಯ ಕೈಸನ್ನೆಯಲ್ಲೇ ಅವರನ್ನು ತಡೆದು, ಬಾಗಿ ನನ್ನ ಕಿವಿಯ ಹತ್ತಿರ ಬಂದ.

“ಮೆಹಮಾನ್ ಉಣ್ತಿದಾರೆ ಅಜ್ಜಿ. ಪಂಕ್ತಿ ಮಧ್ಯ ಏಳಬಾರ್ದು. ನಿಮಗೆ ಗೊತ್ತಿಲ್ದೇ ಇರೋದಾ?”

“ಎಬ್ಬಿಸೋ” ಎಂದೆ ಇನ್ನೊಮ್ಮೆ. ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ಅವನು ಶಾಲನ್ನು ಸರಿಮಾಡಿ, ಅತಿಥಿಗಳ ಕಡೆ ತಿರುಗಿ, ಅಜ್ಜಿಗೆ ಹಳೆಯದೆಲ್ಲ ನೆನಪಾಗಿ ದುಃಖ ಬಂದಿದೆ ಎಂದ. ಅಧಿಕಾರಿ ನನಗೆ ಕೈ ಮುಗಿದರು.

ನಾನು ಎಲೆ ಮುಟ್ಟಲಿಲ್ಲ. ನನ್ನ ಕೈಯಲ್ಲಿ ಉಳಿದದ್ದು ಅದೊಂದೇ. ಎಲ್ಲರೂ ಎದ್ದ ಮೇಲೆ ಭೀಮಪ್ಪನ ಎಲೆಯನ್ನೂ ನನ್ನದನ್ನೂ ಒಟ್ಟಿಗೆ ಮಡಿಸಿ ಗಲ್ಲಿಯ ಹಸುವಿಗೆ ಹಾಕಿದರು. ಅದು ಹಾರವನ್ನೂ ಬಿಡದೆ ತಿಂದಿತು.

ಸಂಜೆ ರೈಲಿಗೆ ಹೋಗುವ ಮೊದಲು ಉಷಾ ನನ್ನ ಕೋಣೆಗೆ ಬಂದಳು. ಮುಖ ಎತ್ತಲು ನನಗೆ ನಾಚಿಕೆಯಾಯಿತು. “ಉಂಡ್ಯಾ ತಾಯಿ?” ಎಂದೆ, ಕೇಳಲು ಬೇರೆ ಏನೂ ತೋಚದೆ.

“ಉಂಡೆ ಬೇ, ಮೆಟ್ಲ ಮ್ಯಾಗ. ಅಪ್ಪಾನೂ ಮೊದಲ ಅಲ್ಲೇ ಕುಂತಿದ್ದನಂತಲ್ಲ” ಎಂದಳು. ಹೊರಡಲು ಎದ್ದು, “ಆದ್ರ ಅಪ್ಪ ಹೇಳಿದ್ದ, ಹನ್ನೊಂದ ಮಂದಿ ಎದ್ದಿದ್ರು ಅಂತ” ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಮರುದಿನವೂ ನಾನು ಉಣ್ಣಲಿಲ್ಲ. ಮೂರನೆಯ ದಿನ ಸುಬ್ರಹ್ಮಣ್ಯ ವೈದ್ಯರನ್ನು ಕರೆದುಕೊಂಡು ಬಂದ. “ಅವಳನ್ನ ವಾಪಸ್ ಕರೆಸಿ ಆ ಎಲೆಗೆ ಕೂರ್ಸು, ಉಣ್ತೀನಿ” ಎಂದೆ. ವೈದ್ಯರಿಗೆ ಕನ್ನಡ ಬರುತ್ತಿರಲಿಲ್ಲ. ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಯಾವುದೋ ಹಳೆಯ ಮಾತು ಎಂದು ಸುಬ್ರಹ್ಮಣ್ಯ ಹಿಂದಿಯಲ್ಲಿ ಹೇಳಿದ. ವೈದ್ಯರು ನಾಲಿಗೆ ನೋಡಿ, ನಾಡಿ ಹಿಡಿದು, ಹಸಿವಾಗಲು ಔಷಧಿ ಬರೆದುಕೊಟ್ಟರು.

ಸಂಜೆ ಗಂಜಿ ಬಂತು. ಕುಡಿದೆ.