ದೇವರ ಅವಸರ

ದೇವರಿಗೆ ತಾಳ್ಮೆ ಜಾಸ್ತಿ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇನ್ನೊಂದೇ ಒಂದು ದಿನ ತಾಳಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ನಮ್ಮಪ್ಪ ಲಾಂಡ್ರಿಯೊಂದರ ಕಾವಲುಗಾರ. ಆಸ್ಪತ್ರೆಗಳ ಬೆಡ್‌ಶೀಟು, ಹೋಟೆಲುಗಳ ಟವೆಲು ಎಲ್ಲ ಅಲ್ಲಿಗೇ ಬರುತ್ತಿತ್ತು. ಟವೆಲು ಕಳುವಾಗುತ್ತದೆಂದು ಧಣಿ ದಿನಾ ಸಂಜೆ ಹಿಂಬಾಗಿಲಿಗೆ ಹೊರಗಿನಿಂದ ತಾನೇ ಬೀಗ ಜಡಿದು, ಕೀಲಿಯನ್ನು ಅಪ್ಪನ ಕೈಗೆ ಎಸೆದು ಕಾರು ಹತ್ತುತ್ತಿದ್ದ. ಒಳಗೆ ಹೆಂಗಸರು ಇಸ್ತ್ರಿ ಮಾಡುತ್ತಲೇ ಇರುತ್ತಿದ್ದರು. ಒಂದು ಸಂಜೆ ಬೆಂಕಿ ಹತ್ತಿತು. ಅಪ್ಪ ಮುಂದಿನ ಗೇಟಿನಿಂದ ಓಡಿಬಂದು ಬೀಗ ತೆಗೆಯುವಷ್ಟರಲ್ಲಿ ಇಬ್ಬರು ಹೊಗೆ ಕುಡಿದು ಸತ್ತುಹೋಗಿದ್ದರು.

"ಬೀಗದ ವಿಷಯ ನಂಗೊತ್ತೇ ಇಲ್ಲ, ಕಾವಲುಗಾರಂದೇ ಕೆಲಸ" ಎಂದ ಧಣಿ. ಕೀಲಿ ಯಾರ ಹತ್ತಿರ ಇತ್ತು ಎಂದು ಪೊಲೀಸರು ಕೇಳಿದರೆ ನಮ್ಮಪ್ಪ, "ನನ್ನತ್ರಾನೇ ಇತ್ತು ಸ್ವಾಮಿ" ಎಂದ. ಸುಳ್ಳು ಹೇಳಲು ಬಾರದ ಪ್ರಾಣಿ! ಬೀಗ ಹಾಕಿದ್ದು ಧಣಿ ಎಂದು ಆಮೇಲೆ ಎಷ್ಟು ಬಡಕೊಂಡರೂ ಯಾರು ಕೇಳುತ್ತಾರೆ? ಜೈಲಾಯಿತು.

ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ದಿನವೂ ಶಪಿಸುತ್ತಿದ್ದಳು. "ಆ ಸುಳ್ಳು ನಾಲಿಗೆ ಸೇದಿಹೋಗ! ದೇವರೇ, ನಿನಗೇನು ಕಣ್ಣು ಕಾಣಲ್ವಾ?" ದೇವರು ಜಪ್ಪಯ್ಯ ಅನ್ನಲಿಲ್ಲ. ಧಣಿ ಇನ್ನೊಂದು ಲಾಂಡ್ರಿ ತೆರೆದ, ದುಂಡಗಾದ.

ವರ್ಷಗಳು ಕಳೆದು, ಮೇಲಿನ ಕೋರ್ಟಿನಲ್ಲಿ ಅಪ್ಪನ ಅಪೀಲು ವಿಚಾರಣೆಗೆ ಬಂತು. ಆಗ ಒಂದು ಭಾನುವಾರ ಮಧ್ಯಾಹ್ನ ಧಣಿ ನಮ್ಮ ಮನೆಗೇ ಬಂದ. ಒಳಗೆ ಕರೆದರೂ ಬರದೆ ಮೆಟ್ಟಿಲ ಮೇಲೇ ಕೂತ.

"ನಿದ್ದೆ ಬರಲ್ಲ ತಾಯಿ. ಆ ಹೆಂಗಸರು ಬಾಗಿಲು ಬಡಿಯೋದು ಕೇಳುತ್ತೆ. ನಾಳೆ ಕೋರ್ಟಿಗೆ ಬಂದು ಹೇಳಿಬಿಡ್ತೀನಿ, ಬೀಗ ಹಾಕಿದ್ದು ನಾನೇ ಅಂತ."

ಅಮ್ಮ ಅವತ್ತು ಅಪ್ಪನ ಹಳೇ ಅಂಗಿಗೆ ಗುಂಡಿ ಹಾಕಿ, ಇಸ್ತ್ರಿ ಮಾಡಿಟ್ಟಳು. ನನಗೂ ನಗು ಬಂತು, ಅಳುವೂ ಬಂತು.

ಮಾರನೆಯ ಬೆಳಿಗ್ಗೆ ಕೋರ್ಟಿಗೆ ಹೊರಡಲೆಂದು ಶೂ ಹಾಕಿಕೊಳ್ಳುತ್ತಿದ್ದಾಗ ಧಣಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತೂ ಬಿತ್ತು. "ಮಾಡಿದ್ದುಣ್ಣೋ ಮಹರಾಯ" ಎಂದು ಬೀದಿಯವರೆಲ್ಲ ಖುಷಿಪಟ್ಟರು. ಪಕ್ಕದ ಮನೆ ಅತ್ತೆಯಂತೂ, "ನೋಡಿದ್ಯಾ, ದೇವರಿದಾನೆ!" ಎಂದು ಅಮ್ಮನ ಬೆನ್ನು ತಟ್ಟಿದಳು. ಅಮ್ಮನ ಮುಖ ಬಿಳಿಚಿಕೊಂಡಿತ್ತು.

ವಕೀಲರು ವಾಯಿದೆ ತೆಗೆದುಕೊಂಡು ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ತಲೆಯಾಡಿಸಿದರೂ ಸಾಕು, ಡಾಕ್ಟರ ಎದುರು ಹೇಳಿಕೆ ಬರೆಸಬಹುದು ಎಂದರು.

"ಬೀಗ ಹಾಕಿದ್ದು ನೀವೇನಾ?"

ಧಣಿ ಹೌದೆಂದು ತಲೆಯಾಡಿಸಿದ. ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಡಾಕ್ಟರು ತಡೆದರು. "ಇನ್ನೊಂದು ಕೇಳ್ತೀನಿ ಇರಿ. ಬೀಗ ಹಾಕಿದ್ದು ಕಾವಲುಗಾರನಾ?"

ಅದಕ್ಕೂ ತಲೆಯಾಡಿಸಿದ.

"ನೀವು ಕುದುರೆನಾ?"

ಅದಕ್ಕೂ ಹೌದೆಂದೇ ತಲೆಯಾಡಿತು.

ಡಾಕ್ಟರು ಅಮ್ಮನ ಮುಖ ನೋಡಲಾರದೆ, "ಏನು ಕೇಳಿದರೂ ಅಷ್ಟೇ ಅಮ್ಮಾ. ವಾಸಿಯಾಗೋದು ಕಷ್ಟ" ಎಂದರು. ವಕೀಲರು ಪೆನ್ನಿನ ಮುಚ್ಚಳ ಹಾಕಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಮ್ಮ ಮಂಚದ ಪಕ್ಕ ಕುಸಿದು ಕೂತಳು. "ನಾನು ಬೇಡಿದ್ದೇ ಕಣೇ ಇದು. ದಿನಾ ಬೇಡಿದೆ, ಅವನು ಕೊಟ್ಟ" ಎಂದು ಬಿಕ್ಕಿದಳು. ಆಮೇಲೆ ಧಣಿಯ ಗದ್ದವನ್ನು ಎರಡೂ ಕೈಯಲ್ಲಿ ಹಿಡಿದು, "ಒಂದೇ ಮಾತು ಧಣಿ, ಒಂದೇ ಒಂದು ಮಾತು!" ಎಂದು ಅಂಗಲಾಚಿದಳು. ಅವನ ಬಾಯಿ ಸೊಟ್ಟಗೆ ತೆರೆಯಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಸುರಿಯಿತು. ಗೊರಗೊರ ಸದ್ದು ಬಿಟ್ಟರೆ ಏನೂ ಹೊರಡಲಿಲ್ಲ.

ಔಷಧಿ ತಂದ ನರ್ಸು ಬಾಗಿಲಲ್ಲೇ ನಿಂತಳು. ಅಮ್ಮ ಮೇಲೆ ನೋಡುತ್ತಾ, "ಇವನನ್ನ ಉಳಿಸಪ್ಪಾ, ನಿನ್ನ ದಮ್ಮಯ್ಯ, ಇವನಿಗೆ ಏನೂ ಆಗಬಾರದು" ಎಂದು ಗೋಗರೆಯುತ್ತಿದ್ದಳು.

"ಯಜಮಾನರು ಅಂದ್ರೆ ಎಷ್ಟು ಪ್ರೀತಿ ನಿಮ್ಮಮ್ಮನಿಗೆ!" ಎಂದಳು ನರ್ಸು ನನ್ನ ಕಡೆ ತಿರುಗಿ. ನಾನೂ ಹೌದೆಂದು ತಲೆಯಾಡಿಸಿದೆ.