ಗಾಳಿ ನೇರವಿದ್ದ ದಿನ

"ಅದನ್ನ ಅವರ ಎದೆ ಮೇಲಿಂದ ತೆಗೀರಿ," ಎಂದರು ಮೇಷ್ಟ್ರ ಹೆಂಡತಿ.

ಪ್ರಾಂಶುಪಾಲರ ಕೈ ಅರ್ಧದಲ್ಲೇ ನಿಂತಿತು. ವಿಮಾನ ಹಾರಾಟ ಕಲಿಸುವ ಕಾಲೇಜಿನ ಗಾಜಿನ ಕಪಾಟಿನಿಂದ ಹೊತ್ತು ತಂದಿದ್ದ ಪ್ರಶಸ್ತಿ ಫಲಕವನ್ನು ಅವರು ಶವಪೆಟ್ಟಿಗೆಯೊಳಗೆ ಒರಗಿಸುತ್ತಿದ್ದರು.

"ಅಮ್ಮ, ದೇಶದಲ್ಲೇ ಅತ್ಯುತ್ತಮ ಹಾರಾಟ ಶಿಕ್ಷಕ ಅಂತ ಕೊಟ್ಟಿರೋದು. ಕಾಲೇಜಿಗೇ ಹೆಮ್ಮೆ."

"ಹಾಗಾದ್ರೆ ಕಾಲೇಜಲ್ಲೇ ಇರ್ಲಿ. ಅವರಿಗೆ ಭಾರ ಆಗತ್ತೆ."

ಫಲಕ ಕುರ್ಚಿಯ ಕೆಳಗೆ ಹೋಯಿತು. ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡು, ಗೌರವಾರ್ಥವಾಗಿ ಇಂದು ಹಾರಾಟಕ್ಕೆ ರಜೆ ಎಂದು ಎಲ್ಲರಿಗೂ ಕೇಳುವಂತೆ ಸಾರಿದರು.

ಬಾಗಿಲ ಬಳಿ ನಿಂತಿದ್ದ ಗಿಡ್ಡಿ ತಲೆಯೆತ್ತಿದಳು. ಒಂದು ಕಾಲಕ್ಕೆ ಮೇಷ್ಟ್ರ ಶಿಷ್ಯೆ, ಈಗ ಅದೇ ಕಾಲೇಜಿನಲ್ಲಿ ಶಿಕ್ಷಕಿ.

"ಸರ್, ಡ್ರೈವರಣ್ಣ ಇವತ್ತು ಒಬ್ಬನೇ ಹಾರ್ಬೇಕಿತ್ತು. ಅದಕ್ಕೆ ಕೊಟ್ಟಿದ್ದ ಗಡುವು ಇವತ್ತಿಗೇ ಮುಗಿಯತ್ತೆ. ಆಮೇಲೆ ಹೆಸರು ಹೊಡೆದು ಹಾಕ್ತೀರಿ."

"ಮುಗೀಲಿ ಬಿಡಮ್ಮ. ತಲೆ ನೆರೆತ ಬಸ್ ಡ್ರೈವರ್‌ನ ಸೇರಿಸ್ಕೋಬೇಡಿ ಅಂತ ಅವತ್ತೇ ಬಡ್ಕೊಂಡೆ. ಈ ಮನುಷ್ಯ ಕೇಳ್ಬೇಕಲ್ಲ?" ಅವರು ಕೈ ತೋರಿಸಿದ್ದು ಪೆಟ್ಟಿಗೆಯ ಕಡೆಗೆ.

ಮೂಲೆಯ ಬೆಂಚಿನಲ್ಲಿ ಡ್ರೈವರ್ ತನ್ನ ಅಗಲವಾದ ಅಂಗೈಗಳನ್ನೇ ನೋಡುತ್ತ ಕುಳಿತಿದ್ದ.

*

ಗಿಡ್ಡಿ ಸೇರಿದ ವರ್ಷ ಅವಳ ಕಾಲು ವಿಮಾನದ ಪೆಡಲಿಗೆ ಎಟುಕುತ್ತಿರಲಿಲ್ಲ. ಇವಳನ್ನು ಕೈಬಿಡಿ ಎಂದಿದ್ದರು ಪ್ರಾಂಶುಪಾಲರು. "ಕಾಲು ಉದ್ದ ಮಾಡೋಕಾಗಲ್ಲ, ಪೆಡಲ್ ಮಾಡಬಹುದು," ಎಂದು ಮೇಷ್ಟ್ರು ವರ್ಕ್‌ಶಾಪಿನವರ ಬೆನ್ನು ಹತ್ತಿ ಪೆಡಲಿಗೆ ಜೋಡಣೆ ಮಾಡಿಸಿಯೇ ಬಿಟ್ಟರು.

ಆದರೂ ಅವಳು ಇಳಿಸಿದ ವಿಮಾನ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಬೇರೆ ಶಿಕ್ಷಕರಾದರೆ ಕೂಗಾಡಿ ಹಿಡಿಕೆ ಕಿತ್ತುಕೊಳ್ಳುತ್ತಿದ್ದರು. ಮೇಷ್ಟ್ರು ಎರಡೂ ಕೈಗಳನ್ನು ತೊಡೆಯಡಿ ಸೇರಿಸಿ ಕೂತಿರುತ್ತಿದ್ದರು.

"ಸರ್, ನೀವು ಹಿಡ್ಕೊಳ್ಳಿ!"

"ನಾನು ಹಿಡ್ಕೊಂಡ್ರೆ ನಾನು ಕಲೀತೀನಿ. ನಂಗೆ ಆಗ್ಲೇ ಬರತ್ತೆ."

"ಸತ್ತೇ ಹೋಗ್ತೀವಿ ಸರ್!"

"ಸಾಯೋ ಹಾಗಿದ್ರೆ ಮೊದ್ಲೇ ಹೇಳ್ತೀನಿ. ನೀನು ರನ್‌ವೇ ನೋಡು."

ತಪ್ಪು ಎಲ್ಲಿಯವರೆಗೆ ಪಾಠ, ಎಲ್ಲಿಂದ ಅಪಾಯ ಎನ್ನುವುದು ಅವರಿಗೆ ಗೊತ್ತಿತ್ತು, ಅಲ್ಲಿಯವರೆಗೂ ಕಾಯುತ್ತಿದ್ದರು. ಕಾಯುವುದು ಸುಲಭವೇನಲ್ಲ. ಕೆಳಗಿಳಿದಾಗ ಅವರ ಅಂಗಿಯ ಬೆನ್ನು ಒದ್ದೆಯಾಗಿರುವುದನ್ನು ಗಿಡ್ಡಿ ಎಷ್ಟೋ ಸಲ ನೋಡಿದ್ದಳು.

ಪ್ರಶಸ್ತಿ ಬಂದ ದಿನ ವೇದಿಕೆಯಲ್ಲಿ ಅವರು ಹೇಳಿದ್ದು ಇಷ್ಟೇ: "ನನ್ನ ಹತ್ರ ಕಲಿಯೋರು ಕಾಲೇಜಿನಲ್ಲೇ ಎಲ್ಲರಿಗಿಂತ ನಿಧಾನ. ಬೇಗ ಮುಗಿಸಿ ಅಂತ ಮೇಲಿಂದ ಒತ್ತಡ ಇದೆ. ಮುಗಿಸಲ್ಲ." ಚಪ್ಪಾಳೆಗೆ ಎತ್ತಿದ್ದ ಕೈಗಳನ್ನು ಪ್ರಾಂಶುಪಾಲರು ಮೆಲ್ಲಗೆ ಜೇಬಿಗಿಳಿಸಿದ್ದರು.

*

ಪೆಟ್ಟಿಗೆಯನ್ನು ವ್ಯಾನಿಗೇರಿಸುವಾಗ ಮೇಷ್ಟ್ರ ಹೆಂಡತಿ ಗಿಡ್ಡಿಯ ತೋಳು ಹಿಡಿದರು.

"ಗಾಳಿ ಹೇಗಿದೆ?"

"ರನ್‌ವೇಗೆ ನೇರ ಇದೆ ಅಕ್ಕ."

"ಆ ಡ್ರೈವರ್ ಒಬ್ನೇ ಹಾರ್ತಾನಾ? ಇವರ ಮೇಲಿನ ಪ್ರೀತಿಗೆ ಹೇಳ್ಬೇಡ, ನಿಜ ಹೇಳು."

"ಮೇಷ್ಟ್ರು ಆಸ್ಪತ್ರೆ ಸೇರಿದಾಗಿಂದ ನಾನೇ ಪಕ್ಕದಲ್ಲಿ ಕೂರ್ತಿದೀನಿ. ಒಂದ್ಸಲಾನೂ ಕೈ ಹಾಕೋ ಹಾಗಾಗಿಲ್ಲ."

"ಮತ್ತೆ ಇಲ್ಲೇನ್ ಮಾಡ್ತಿದೀಯ?"

"ಮಣ್ಣಿಗೆ..."

"ಮಣ್ಣು ಹಾಕೋಕೆ ಇಷ್ಟು ಜನ ಇದಾರೆ. ಹೋಗು."

ಹಿಂದೆಯೇ ನಿಂತಿದ್ದ ಡ್ರೈವರ್ ಹಿಂಜರಿದ. "ಬೇಡಮ್ಮ. ಮೇಡಂ ಕೆಲಸ ಹೋಗತ್ತೆ."

"ಹೋದ್ರೆ ನಿನ್ನ ಬಸ್ಸಿಗೆ ಕಂಡಕ್ಟರ್ ಆಗ್ತೀನಿ. ನಡಿ," ಎಂದಳು ಗಿಡ್ಡಿ. ಆದರೆ ನೇರ ಗೇಟಿನ ಕಡೆ ಹೋಗದೆ ಪ್ರಾಂಶುಪಾಲರ ಮುಂದೆ ಹೋಗಿ ನಿಂತಳು. "ಸರ್, ನಾವು ಹಾರೋಕೆ ಹೋಗ್ತಿದೀವಿ. ಕದ್ದು ಹೋದ್ರು ಅನ್ನಬಾರದಲ್ಲ, ಅದಕ್ಕೆ ಹೇಳ್ದೆ."

"ನಾಳೆ ನೋಟಿಸ್ ಕೈಗೆ ಬರತ್ತೆ."

"ನಾಳೆ ತಾನೇ? ಬರ್ಲಿ."

ರನ್‌ವೇಯ ತುದಿಯಲ್ಲಿ ಅವಳು ವಿಮಾನದಿಂದಿಳಿದು, ತನ್ನ ಬದಿಯ ಬಾಗಿಲನ್ನು ಹೊರಗಿನಿಂದ ಎಳೆದು ನೋಡಿದಳು. ಒಳಗಿನ ಡ್ರೈವರ್ ಖಾಲಿ ಸೀಟನ್ನೊಮ್ಮೆ ನೋಡಿ, ಕತ್ತು ತಿರುಗಿಸಿ ಮುಂದೆ ದಿಟ್ಟಿಸಿದ.

*

ಸ್ಮಶಾನ ಇದ್ದದ್ದು ಹಾರಾಟದ ಮೈದಾನದ ಪಕ್ಕದಲ್ಲೇ. ಗುಂಡಿ ಮುಚ್ಚಿದ ಮೇಲೆ ಪ್ರಾಂಶುಪಾಲರು ಹಾಳೆ ಬಿಡಿಸಿದರು.

"ಶಿಸ್ತಿಗೆ, ವಿಧೇಯತೆಗೆ ಮಾದರಿಯಾಗಿದ್ದ ನಮ್ಮ..."

ಗೋಡೆಯಾಚೆಯಿಂದ ಎಂಜಿನ್ನಿನ ಗರ್ಜನೆ ಎದ್ದಿತು. ಪುಟ್ಟ ವಿಮಾನವೊಂದು ಕೊಂಚ ಓಲಾಡಿ, ಸಾವರಿಸಿಕೊಂಡು ಮೇಲೇರಿತು. ಪ್ರಾಂಶುಪಾಲರು ಕಾದರು. ಸದ್ದು ಅಡಗಿದ ಮೇಲೆ ಮತ್ತೆ ಶುರುಮಾಡಿದರು. ವಿಧೇಯತೆಯವರೆಗೆ ಬರುವಷ್ಟರಲ್ಲಿ ಅದು ಸುತ್ತು ಹಾಕಿ ತಲೆಯ ಮೇಲೇ ಬಂತು.

ಮೇಷ್ಟ್ರ ಹೆಂಡತಿ ಹಣೆಗೆ ಕೈ ಅಡ್ಡಹಿಡಿದು ನೋಡಿದರು. ಮೊದಲು ಭುಜ ಕುಲುಕಿತು. ಅಳುತ್ತಿದ್ದಾರೆಂದು ಯಾರೋ ಹಿಡಿದುಕೊಳ್ಳಲು ಬಂದರು. ಅವರು ನಗುತ್ತಿದ್ದರು, ಬಾಯಿ ತುಂಬ, ತಡೆಯಿಲ್ಲದೆ. ಪ್ರಾಂಶುಪಾಲರ ತುಟಿಗಳು ಅಲ್ಲಾಡುತ್ತಲೇ ಇದ್ದವು. ವಿಮಾನದ ನೆರಳು ಅವರ ಹಾಳೆಯನ್ನು ದಾಟಿ, ಹಸಿ ಮಣ್ಣನ್ನು ದಾಟಿ, ಗೋಡೆ ಹಾರಿ ರನ್‌ವೇ ಕಡೆಗೆ ಓಡಿತು.