ಹೊಳೆಯಾಚೆ ಒತ್ತಿದ ಹೆಬ್ಬೆಟ್ಟು

ನೀಲಮಳ ಹಲ್ಲಿನ ಡಾಕ್ಟರು ಇರುವುದು ಮಿರಜದಲ್ಲಿ. ರವಿಕೆ ಹೊಲಿಯುವವಳೂ ಮಿರಜದವಳೇ. ನೀಲಮ ಹೆತ್ತದ್ದು ಅಲ್ಲಿ, ಕನ್ನಡಕ ಮಾಡಿಸಿಕೊಂಡದ್ದು ಅಲ್ಲಿ, ದೀಪಾವಳಿಯ ಸೀರೆ ತರುವುದೂ ಅಲ್ಲಿಂದಲೇ. ಗಡಿಯಂಚಿನ ಶೇಡಬಾಳದಲ್ಲಿ ಹುಟ್ಟಿದವರಿಗೆ ಮಹಾರಾಷ್ಟ್ರವೆಂದರೆ ಬೇರೆ ರಾಜ್ಯವಲ್ಲ, ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮನೆಗೆ ಬರುವ ಪೇಟೆ. ಇಂಥ ನೀಲಮ ಚಿಕ್ಕೋಡಿಯ ಪಿಂಚಣಿ ಕಚೇರಿಯಲ್ಲಿ ಕುಳಿತು, ಗಡಿಯಾಚೆ ಹಣ ತೆಗೆದವರೆಲ್ಲ ಊರು ಬಿಟ್ಟು ಹೋದವರು ಎಂದು ವರದಿ ಬರೆದಳು. ಓದಿದವರ ಬುದ್ಧಿ ಕೆಲವೊಮ್ಮೆ ಹೀಗೆ ಕುರ್ಚಿಗೆ ಅಂಟಿಕೊಂಡುಬಿಡುತ್ತದೆ.

ಅವಳ ಹುದ್ದೆಯ ಹೆಸರು ಹಣಕಾಸು ವಿಶ್ಲೇಷಕಿ. ವಯಸ್ಸಾದವರಿಗೆ, ವಿಧವೆಯರಿಗೆ ಸರಕಾರ ತಿಂಗಳಿಗೊಮ್ಮೆ ಕೊಡುವ ಪಿಂಚಣಿ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು, ನಡುವೆ ಎಲ್ಲಿ ಸೋರಿತು ಎಂದು ಕಂಪ್ಯೂಟರಿನಲ್ಲಿ ಹುಡುಕುವುದು ಕೆಲಸ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲವೂ ಅವಳ ಪರದೆಯ ಮೇಲೆ ಬರುತ್ತಿದ್ದವು. ಗುತ್ತಿಗೆ ನೌಕರಿ, ವರ್ಷವರ್ಷವೂ ಮೇಲಿನವರು ಮನಸ್ಸು ಮಾಡಿ ಮುಂದುವರಿಸಬೇಕು. ಆದರೂ ಆ ಕೆಲಸ ಅವಳಿಗೆ ಇಷ್ಟ. ತಿಂಗಳ ಮೊದಲ ವಾರ ಹಣ ಜಮಾ ಆದ ಸಾಲುಗಳು ಪರದೆಯ ಮೇಲೆ ಹಸಿರಾದಾಗ, ಎಷ್ಟೋ ಮನೆಗಳ ಒಲೆ ತಾನೇ ಹೊತ್ತಿಸಿದಷ್ಟು ಖುಷಿಪಡುತ್ತಿದ್ದಳು.

ಮಳೆಗಾಲದ ಶುರುವಿನಲ್ಲಿ ಅವಳ ಕಣ್ಣಿಗೆ ಜುಗೂಳ ಬಿತ್ತು. ಕೃಷ್ಣೆಯ ದಂಡೆಯ ಊರು, ಹೊಳೆ ದಾಟಿದರೆ ಮಹಾರಾಷ್ಟ್ರ. ಆ ಊರಿನ ಒಂದು ಗುಂಪು ಮುದುಕಿಯರ ಪಿಂಚಣಿಯೆಲ್ಲ ಆಚೆ ದಂಡೆಯಲ್ಲಿ ಹೆಬ್ಬೆಟ್ಟು ಒತ್ತಿ ಬ್ಯಾಂಕಿನ ಹಣ ತೆಗೆಯುವ ಒಂದೇ ಯಂತ್ರದಲ್ಲಿ, ಪ್ರತಿ ತಿಂಗಳೂ ಒಂದೇ ದಿನ ಹೊರಬರುತ್ತಿತ್ತು. ಒಂದೋ ಇವರೆಲ್ಲ ರಾಜ್ಯ ಬಿಟ್ಟು ಹೋಗಿದ್ದಾರೆ, ಇಲ್ಲವೇ ಯಾರೋ ದಲ್ಲಾಳಿ ಇವರನ್ನು ಆಡಿಸುತ್ತಿದ್ದಾನೆ ಎಂದು ನೀಲಮ ತೀರ್ಮಾನಿಸಿದಳು. ಪಿಂಚಣಿ ತಡೆಹಿಡಿಯಬೇಕು, ಆಮೇಲೆ ಊರಿಗೆ ಹೋಗಿ ಪರಿಶೀಲಿಸಬೇಕು ಎಂದು ಬರೆದಳು. ಮೇಲಧಿಕಾರಿ ಭೂಪಾಲ ಸಾಹೇಬರು ಸಹಿ ಹಾಕಿದರು. ಜಿಲ್ಲೆಯಿಂದ ಶಾಭಾಸಗಿರಿಯೂ ಬಂತು. ತಡೆಹಿಡಿಯುವುದು ಅದೇ ದಿನ ಆಯಿತು, ಊರಿಗೆ ಹೋಗುವುದು ಮಾತ್ರ ಇವತ್ತು ನಾಳೆ ಎನ್ನುತ್ತ ದಸರೆಯ ತನಕ ಉಳಿಯಿತು. ಕಚೇರಿಗಳಲ್ಲಿ ಯಾವುದು ಓಡುತ್ತದೆ, ಯಾವುದು ತೆವಳುತ್ತದೆ ಎಂಬುದು ಗೊತ್ತಿದ್ದದ್ದೇ.

ಹೊಳೆ ಇಳಿದ ಮೇಲೆ ಒಂದು ದಿನ ನೀಲಮ ಕಚೇರಿಯ ಜೀಪು ಹತ್ತಿ ಜುಗೂಳಕ್ಕೆ ಬಂದಳು. ಊರು ಬಿಟ್ಟವಳೆಂದು ತಾನು ಬರೆದ ಮೊದಲ ಹೆಸರು ಸುಂದರಾಬಾಯಿಯದು. ಬುದ್ಧ ವಿಹಾರದ ಹಿಂದಿನ ಓಣಿಯಲ್ಲಿ ಕೇಳಿದರೆ, ಸುಂದರಾಬಾಯಿ ತನ್ನ ಮನೆಯ ಕಟ್ಟೆಯ ಮೇಲೆಯೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಮದುವೆಯಾಗಿ ಬಂದಂದಿನಿಂದ ಅದೇ ಮನೆ, ಅದೇ ಕಟ್ಟೆ.

ಪಿಂಚಣಿ ಕಚೇರಿಯವರು ಎಂದು ಕೇಳಿದ್ದೇ ತಡ, ಮುದುಕಿ ಎದ್ದು ಬಂದು ನೀಲಮಳ ಎರಡೂ ಕೈ ಹಿಡಿದುಕೊಂಡಳು.

"ಬಂದ್ರಿ ಬಾಯಿ? ಸರಕಾರ ಒಂದಿನಾ ಬರ್ತೈತಿ ಅಂತ ನಾ ಎಲ್ಲಾರಿಗೂ ಹೇಳಾಕತ್ತಿದ್ದೆ. ನಿಮಗ ಪುಣ್ಯಾ ಬರಲಿ. ಆ ಸುಗಂಧಾನ ಹಿಡೀರಿ. ನಮ್ಮ ರೊಕ್ಕ ತಿಂದ ಕುಂತಾಳ ಅಕಿ."

"ಯಾವ ಸುಗಂಧಾ?"

"ನಮ್ಮೂರ ಮಗಳ ರೀ. ನಮ್ಮ ಗೌಡ್ರ ಮಗಳು. ಅಕೀನ ತೊಟ್ಟಿಲಾ ನಾ ತೂಗೀನಿ. ಹೊಳೀ ಆಚಿ ಕೊಟ್ಟಾರ. ಅಲ್ಲಿ ಬ್ಯಾಂಕಿನ ಮಿಶನ್ ಇಟಗೊಂಡಾಳ."

ಮುದುಕಿ ತನ್ನ ಹೆಬ್ಬೆರಳು ತೋರಿಸಿದಳು. ಕಬ್ಬಿನ ಒಣಗರಿಯ ರವದಿ, ಕಳೆಯ ಕುರ್ಪಿ, ಮಂದಿಯ ಮನೆಯ ಪಾತ್ರೆ ಸೇರಿಕೊಂಡು ಆ ಬೆರಳಿನ ಗೆರೆಯನ್ನೆಲ್ಲ ಒರೆಸಿ ಹಾಕಿದ್ದವು. ಈಚೆ ದಂಡೆಯ ಏಜೆಂಟ ನಾಲ್ಕು ಸಲ ಒತ್ತಿಸಿ, ನಿನ್ನ ಬೆರಳು ಸತ್ತಾವು ಹೋಗು, ಎಂದು ಕಳಿಸುತ್ತಿದ್ದನಂತೆ. ಸುಗಂಧಾ ಹಾಗಲ್ಲ. ಬಿಸಿನೀರಿನಲ್ಲಿ ಕೈ ನೆನೆಸಿ, ಶೇಂಗಾ ಎಣ್ಣೆ ತಿಕ್ಕಿ, ತನ್ನ ಸೆರಗಿನಿಂದ ಒರೆಸಿ, ಯಂತ್ರ ಒಪ್ಪುವ ತನಕ ಬಿಡುತ್ತಿರಲಿಲ್ಲ. ಮೇಲೆ ಚಹಾ ಬೇರೆ. ಅದಕ್ಕೇ ಮುದುಕಿಯರೆಲ್ಲ ಒಂದು ದಿನ ಗೊತ್ತುಮಾಡಿಕೊಂಡು, ಮಡಿಲಲ್ಲಿ ಒಂದಿಷ್ಟು ಪಲ್ಲೆ ಕಟ್ಟಿಕೊಂಡು, ಮಗಳ ಮನೆಗೆ ಹೋದ ಹಾಗೆ ದೋಣಿ ಹತ್ತಿ ಹೋಗುತ್ತಿದ್ದರು.

"ಅಷ್ಟು ಮಾಡಿದಾಕಿ ಹಿಂಗ್ಯಾಕ ಮಾಡಿದ್ಲೋ! ಮಳಿಗಾಲದಿಂದ ಬೆರಳ ಒತ್ತಿದ್ರ, ಬಂದಿಲ್ಲ ಆಯಿ, ಬಂದಿಲ್ಲ ಆಯಿ ಅಂತಾಳ. ಬಾಜೂ ಊರಿಗೆಲ್ಲಾ ಬಂದೈತಿ, ನಮಗಷ್ಟ ಹೆಂಗ ಬಂದಿಲ್ಲ? ಅದ ತಿಂಗಳ ಅಕೀನ ಮನೀಗಿ ಹೊಸಾ ಫ್ರಿಜ್ ಬಂತು ನೋಡ್ರಿ."

ಊರಿಗೆ ಇಷ್ಟು ಸಾಕು. ಒಂದು ಫ್ರಿಜ್ಜು ಬಂದದ್ದೇ ಸಾಕ್ಷಿಯಾಗಿ, ಊರೆಂಬ ಊರು ಸುಗಂಧಾಳನ್ನು ಕಳ್ಳಿ ಎಂದು ತೀರ್ಮಾನಿಸಿಯಾಗಿತ್ತು.

ಸುಂದರಾಬಾಯಿ ನೆರೆಮನೆಯಿಂದ ಹಾಲು ಕೇಳಿ ತಂದು ಚಹಾ ಮಾಡಿ ಕೊಟ್ಟಳು. ನೀಲಮ ಬಟ್ಟಲು ಕೆಳಗಿಟ್ಟಳು. ಕಳ್ಳಿ ನಿನ್ನೆದುರಿಗೇ ಕುಳಿತಿದ್ದಾಳೆ ಆಯಿ ಎಂದು ಹೇಳಬೇಕೆನಿಸಿತು, ಬಾಯಿ ಬರಲಿಲ್ಲ. ಮುದುಕಿ ಮಾತ್ರ ಓಣಿಯ ತುದಿಯವರೆಗೂ ಬಂದು, ನಿಮ್ಮ ಹೊಟ್ಟಿ ತಣ್ಣಗಿರಲಿ, ಎಂದು ಹರಸಿ ಕಳಿಸಿದಳು. ಹರಕೆ ಅಷ್ಟು ಭಾರವಾಗುತ್ತದೆ ಎಂದು ನೀಲಮಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವಳು ದೋಣಿ ಹತ್ತಿದಳು. ಆಚೆ ದಂಡೆಯಲ್ಲಿ ಸುಗಂಧಾಳ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರವಿತ್ತು, ಎಣ್ಣೆಯ ಬಟ್ಟಲಿತ್ತು, ಮುದುಕಿಯರಿಗೆಂದು ಹಾಸಿದ ಚಾಪೆಯಿತ್ತು. ಚಾಪೆಯ ಮೇಲೆ ಯಾರೂ ಇರಲಿಲ್ಲ. ಸುಗಂಧಾ ನೀಲಮಳ ವಯಸ್ಸಿನವಳೇ. ಅವಳ ಕಣ್ಣು ಬತ್ತಿದ್ದವು.

ಇಲ್ಲಿ ನೀಲಮಳಿಗೆ ಬಾಯಿ ಬಂತು. ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. "ಪಿಂಚಣಿ ನಿಲ್ಲಿಸಿದಾಕಿ ನಾನ ರೀ. ಗಡಿ ಆಚಿ ತಗದಾರ ಅಂದ್ರ ಊರು ಬಿಟ್ಟಾರ ಅಂತ ತಿಳದೆ. ತಪ್ಪಾತು. ಇದ ವಾರದಾಗ ಎಲ್ಲಾರ ರೊಕ್ಕಾನೂ ತಿರುಗಿ ಹಾಕಿಸ್ತೀನಿ."

ಸಿಟ್ಟಾಗುತ್ತಾಳೆ ಎಂದುಕೊಂಡಿದ್ದಳು. ಸುಗಂಧಾ ಹೌಹಾರಿದಳು.

"ಹಂಗ ಮಾಡಬ್ಯಾಡ್ರಿ! ಈಗಷ್ಟ ನಮ್ಮೂರಾಗ ಸರಕಾರದ ಜೀಪ್ ಬಂದು ನಿಂತೈತಿ. ನಾಳೆ ರೊಕ್ಕ ಬಂದ್ರ ಏನಂತಾರ? ಜೀಪ್ ನೋಡಿ ಹೆದರಿ ಸುಗಂಧಾ ತಿಂದದ್ದನ್ನ ಕಕ್ಕಿದ್ಲು ಅಂತಾರ. ಇಷ್ಟ ದಿನಾ ಅದು ಸಂಶೇ ಇತ್ತು, ಆಮ್ಯಾಲ ಖರೇನ ಆಗ್ತೈತಿ."

ಸುಗಂಧಾ ಚಾಪೆಯ ಅಂಚನ್ನು ನೆಟ್ಟಗೆ ಮಾಡುತ್ತ ಮಾತಾಡಿದಳು.

"ನಾಗರ ಪಂಚಮಿಗೆ ನಮ್ಮಣ್ಣ ಭರತ ತವರಿಗೆ ಕರಿಯಾಕ ಬರಲಿಲ್ರಿ. ಲಗ್ನ ಆದಾಗಿಂದ ತಪ್ಪಿಸಿದಾವಲ್ಲ. ಊರ ಮಂದಿ ಮುಂದ ತಲಿ ಎತ್ತಿ ಹೆಂಗ ಕರಕೊಂಡು ಬರಲಿ ಅಂದ್ನಂತ. ರೊಕ್ಕ ನೀವು ತಿರುಗಿ ಹಾಕಬಹುದು ಮೇಡಮ್, ತವರುಮನಿ ಯಾರ ತಿರುಗಿ ಕೊಡ್ತಾರ?"

ಹೊಳೆ ದಾಟಿ ಬರುವಷ್ಟರಲ್ಲಿ ಏನು ಮಾಡಬೇಕೆಂಬುದು ನೀಲಮಳಿಗೆ ಸ್ಪಷ್ಟವಾಗಿತ್ತು.

ಮರುದಿನ ಭೂಪಾಲ ಸಾಹೇಬರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಯಾವ ಗದ್ದಲವೂ ಬೇಡ ಎನ್ನುವ ಸ್ವಭಾವ.

"ತಾಂತ್ರಿಕ ದೋಷ ಅಂತ ಎರಡ ಸಾಲ ಬರೀ ಬೇ. ರೊಕ್ಕ ಬಿಡೂಣು. ನೀ ಊರ ಮುಂದ ನಿಂತು ತಪ್ಪ ನಂದು ಅಂದ್ರ ನಿನ್ನ ಗುತ್ತಿಗಿ ಯಾರ ಮುಂದುವರಸ್ತಾರ?"

"ಸುಮ್ಮನ ರೊಕ್ಕ ಬಿಟ್ರ ಅಕಿ ಕಳ್ಳಿ ಆಗ್ತಾಳ್ರಿ ಸರ್. ಹುಟ್ಟಿದ ಊರಾಗ ಕಳ್ಳಿ ಆಗಿ ಸಾಯತಾಳ."

ಸಾಹೇಬರು ಕನ್ನಡಕ ತಿರುಗಿ ಹಾಕಿಕೊಂಡರು. ಆಮೇಲೆ ಪಿಂಚಣಿ ಬಿಡುಗಡೆಯ ಆದೇಶಕ್ಕೆ ಸಹಿ ಮಾಡಿ, ಛತ್ರಿ ಹುಡುಕತೊಡಗಿದರು. ಎಲ್ಲಿಗೆ ಎಂದು ನೀಲಮ ಕೇಳಿದಳು.

"ಜುಗೂಳಕ್ಕ. ಆ ವರದಿ ಮ್ಯಾಲ ನಂದೂ ಸಹಿ ಐತಲ್ಲ. ನಿನ್ನೊಬ್ಬಾಕೀನ ಬೈಸಿಕೊಳ್ಳಾಕ ಕಳಸಲೇನು?"

ಜೀಪಿನಲ್ಲಿ ಅವರ ಪಕ್ಕ ಕುಳಿತಾಗ ನೀಲಮಳಿಗೆ ಆ ಗೊಣಗುವ ಮನುಷ್ಯನ ಕಾಲು ಮುಟ್ಟಬೇಕೆನಿಸಿತು. ಇಂಥವರ ಕೈಕೆಳಗೆ ಕೆಲಸ ಮಾಡಿದೆನಲ್ಲ, ಗುತ್ತಿಗೆ ಹೋದರೂ ಹೋಗಲಿ ಎಂದುಕೊಂಡಳು. ಅವರು ದಾರಿಯುದ್ದಕ್ಕೂ ರಸ್ತೆಯ ಗುಂಡಿಗಳನ್ನು ಬೈಯುತ್ತಿದ್ದರು.

ಜುಗೂಳದ ವಿಹಾರದ ಮುಂದೆ ಜನ ಸೇರಿದರು. ಮುದುಕಿಯರು ಮುಂದೆ ಕುಳಿತರು, ಗಂಡಸರು ಸುತ್ತ ನಿಂತರು. ಸುಗಂಧಾಳ ಅಣ್ಣ ಭರತ ಎಲ್ಲರಿಗಿಂತ ಹಿಂದೆ, ಹೊರಟುಹೋಗುವವನ ಹಾಗೆ ನಿಂತಿದ್ದ. ಸಾಹೇಬರು ಕೆಮ್ಮಿ, "ಕೆಲವು ಆಡಳಿತಾತ್ಮಕ ಕಾರಣಗಳಿಂದಾಗಿ..." ಎಂದು ಶುರು ಮಾಡಿದರು. ನೀಲಮ ಎದ್ದು ನಿಂತಳು.

"ಕಾರಣ ಏನಿಲ್ರಿ. ಕಾರಣ ನಾನು. ನಿಮ್ಮ ಪಿಂಚಣಿ ನಿಲ್ಲಿಸಿದಾಕಿ ನಾನು. ನೀವು ಊರಾಗಿಲ್ಲ ಅಂತ ಬರದೆ. ಇಲ್ಲಿಗೆ ಬಂದು ನೋಡಲಿಲ್ಲ, ನಿಮ್ಮನ್ನ ಕೇಳಲಿಲ್ಲ. ನಾ ಶೇಡಬಾಳದಾಕಿ, ಎಲ್ಲಾದಕ್ಕೂ ಮಿರಜಕ್ಕ ಹೋಗಾಕಿ, ನನಗ ತಿಳೀಬೇಕಿತ್ತು. ಸುಗಂಧಾ ನಿಮ್ಮ ಒಂದ ರೂಪಾಯಿನೂ ಮುಟ್ಟಿಲ್ಲ. ಆಕಿ ಹೇಳಿದ್ದೆಲ್ಲಾ ಖರೇ."

ಗದ್ದಲವೆದ್ದಿತು. "ನಿಮ್ಮ ಪಗಾರ ನಿಂತ್ರ ಆಗ ಗೊತ್ತಾಗ್ತೈತಿ ನಿಮಗ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನೊಬ್ಬ ಜೀಪಿಗೆ ಅಡ್ಡ ಕಲ್ಲಿಡಿರಿ ಎಂದ. ನೀಲಮ ತಲೆ ತಗ್ಗಿಸಿ ಬೈಸಿಕೊಂಡಳು. ಬೈಗುಳ ಅವಳಿಗೆ ಅಷ್ಟೇನೂ ನೋಯಲಿಲ್ಲ. ನಿನ್ನೆಯ ಹರಕೆಗಿಂತ ಅದು ಎಷ್ಟೋ ಹಗುರ.

ಸುಂದರಾಬಾಯಿ ಮಾತ್ರ ಬೈಯಲಿಲ್ಲ. ಅವಳು ತನ್ನ ಕೈಯಿಂದ ತನ್ನದೇ ಬಾಯಿಗೆ ಹೊಡೆದುಕೊಂಡಳು. "ಈ ಬಾಯಿಲೆ ಅಂದೆನಲ್ಲೋ! ಎಣ್ಣಿ ತಿಕ್ಕಿದ ಕೈಗೆ ಕಳವಿನ ಕೈ ಅಂದೆನಲ್ಲೋ!" ಎಂದು ಎದ್ದಳು. "ಏಳ್ರೇ, ಏನ ಕುಂತೀರಿ? ಹೊಳೀಗಿ ನಡೀರಿ."

ಯಾರ ಮನೆಯಿಂದಲೋ ತೆಂಗಿನಕಾಯಿ ಬಂತು, ಯಾರ ಮನೆಯಿಂದಲೋ ಅಕ್ಕಿ, ಎಲೆ ಅಡಿಕೆ. ರವಿಕೆಯ ಹಸಿರು ಖಣವನ್ನು ಭರತನ ಹೆಂಡತಿ ಪೆಟ್ಟಿಗೆಯಿಂದ ತೆಗೆದು ಕೊಟ್ಟು ತಾನು ಮನೆಯಲ್ಲೇ ಉಳಿದಳು. ದೋಣಿ ತುಂಬಿತು. ಭರತ ಕೊನೆಗೆ ಹತ್ತಿ, ಯಾರ ಮುಖವನ್ನೂ ನೋಡದೆ ಅಂಚಿನಲ್ಲಿ ನಿಂತ. ಸುಂದರಾಬಾಯಿ ನೀಲಮಳ ರಟ್ಟೆ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ಸಾಹೇಬರೂ ಛತ್ರಿ ಹಿಡಿದು ಹತ್ತಿದರು.

ಬಾಗಿಲಲ್ಲಿ ತವರಿನ ಹಿಂಡನ್ನು ಕಂಡು ಸುಗಂಧಾ ನಿಂತೇಬಿಟ್ಟಳು. ಭರತ ಮುಂದೆ ಬಂದು, "ತಪ್ಪಾತವ್ವ. ದೀಪಾವಳಿಗೆ ಕರಿಯಾಕ ಬರ್ತೀನಿ," ಎಂದ. ಸುಗಂಧಾ ಚಾಪೆ ಬಿಡಿಸಿ ಹಾಸಿದಳು.

ತವರಿನ ಮಡಿಲಕ್ಕಿಯಾಗಿ ಸುಗಂಧಾಳ ಉಡಿ ತುಂಬುವ ಹೊತ್ತಿಗೆ ಒಂದು ತೊಡಕು ಬಂತು. ಬಂದ ಮುದುಕಿಯರೆಲ್ಲ ಗಂಡನನ್ನು ಕಳೆದುಕೊಂಡವರು, ಅವರು ಉಡಿ ತುಂಬುವ ರೂಢಿಯಿಲ್ಲ. ಸುಂದರಾಬಾಯಿ ತಟ್ಟೆಯನ್ನು ನೀಲಮಳ ಕೈಗಿಟ್ಟು, "ನೀವು ಮುತ್ತೈದಿ ಅದೀರಿ, ನಮ್ಮ ಪರವಾಗಿ ನೀವ ತುಂಬರಿ," ಎಂದಳು. ನೀಲಮ ತಟ್ಟೆ ಹಿಡಿದು ಮುಂದೆ ಬಂದಳು. ಸುಗಂಧಾ ಒಡ್ಡಿದ ಸೆರಗನ್ನು ಹಿಂದಕ್ಕೆ ತೆಗೆದುಕೊಂಡಳು.

ಇದು ನನಗೆ ಬರಬೇಕಾದದ್ದೇ ಎಂದುಕೊಂಡು ನೀಲಮ ಹಿಂದೆ ಸರಿದಳು.

ಸುಗಂಧಾ ಮುದುಕಿಯ ಕಡೆ ತಿರುಗಿದಳು. "ನೀ ತುಂಬು ಆಯಿ."

"ನಾ ತುಂಬಬಾರದಲ್ಲವ್ವ ಮಗಳ."

"ನನ್ನ ತೊಟ್ಟಿಲಾ ತೂಗಬಹುದು, ಉಡಿ ತುಂಬಬಾರದೇನು? ತುಂಬದಿದ್ರ ಎಲ್ಲಾ ತಗೊಂಡು ಹೋಗ್ರಿ."

ಸುಂದರಾಬಾಯಿ ಕಾಯಿ ಇಟ್ಟಳು, ಖಣ ಇಟ್ಟಳು, ಬೊಗಸೆ ತುಂಬ ಅಕ್ಕಿ ಸುರಿದಳು. ಉಳಿದ ಮುದುಕಿಯರೂ ಒಬ್ಬೊಬ್ಬರಾಗಿ ಬಂದು ಸುರಿದರು. ಸುಗಂಧಾಳ ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಭೂಪಾಲ ಸಾಹೇಬರು ಛತ್ರಿ ಬಿಚ್ಚಿ ಮುಖ ಮರೆಮಾಡಿಕೊಂಡರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ತವರು ಬರಿದಾಗಬಾರದೆಂದು, ತುಂಬಿದ ಉಡಿಯಿಂದ ಒಂದು ಹಿಡಿ ತೆಗೆದು ತವರಿನವರಿಗೆ ತಿರುಗಿ ಕೊಡುವುದು ಈ ಕಡೆಯ ಹೆಣ್ಣುಮಕ್ಕಳ ಪದ್ಧತಿ. ಸುಗಂಧಾ ಒಂದು ಹಿಡಿಯನ್ನು ಸುಂದರಾಬಾಯಿಯ ಸೆರಗಿಗೆ ಹಾಕಿದಳು, ಇನ್ನೊಂದನ್ನು ಅಣ್ಣನ ಬೊಗಸೆಗೆ. ಆಮೇಲೆ ಮೂರನೆಯ ಹಿಡಿ ತುಂಬಿಕೊಂಡು, ಬಾಗಿಲ ಬಳಿ ನಿಂತಿದ್ದ ನೀಲಮಳ ಮುಂದೆ ಬಂದು ನಿಂತಳು.

"ನೀವೂ ಅದ ದೋಣ್ಯಾಗ ಬಂದೀರಿ," ಎಂದಳು. "ಒಡ್ಡರಿ."

ಯಾರಿಗೂ ನೀಲಮ ಇಷ್ಟು ಋಣಿಯಾಗಿ ನಿಂತವಳಲ್ಲ. ಚೂಡಿದಾರ ಹಾಕಿಕೊಂಡು ಬಂದವಳಿಗೆ ಸೆರಗೆಲ್ಲಿಂದ ಬರಬೇಕು! ಹೆಗಲ ಮೇಲಿನ ಓಢಣಿಯನ್ನು ಎಳೆದು ಎರಡೂ ಕೈಯಿಂದ ಒಡ್ಡಿದಳು. ಸುಗಂಧಾ ಅಕ್ಕಿ ಸುರಿದು, ನೀರು ಕಾಯಲಿಡುತ್ತೇನೆ, ಆಯಿಗಳು ಕೈ ನೆನೆಸಿಕೊಳ್ಳಬೇಕು ಎನ್ನುತ್ತ ಒಳಗೆ ಹೋದಳು. ನೀಲಮ ಒಂದು ಕಾಳೂ ಕೆಳಗೆ ಬೀಳದಂತೆ ಓಢಣಿಯ ತುದಿಗೆ ಗಂಟು ಹಾಕಿಕೊಂಡಳು.